ಮಕ್ಕಳಿರುವ ಅತಿಥಿಗಳನ್ನು ಸೇರಿಸಬೇಕೆ? ಮೊದಲು ಕೆರೆ ನೋಡಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಹಿರಿಯರ ಕಾಲದ ಮನೆ. ಚಾವಡಿ, ಉಪ್ಪರಿಗೆ, ಹಿಂದೆ ಅಡಿಕೆ ತೋಟ, ಬಾವಿ, ಮೆಟ್ಟಿಲಿರುವ ಕೆರೆ ಎಲ್ಲ ಇದೆ. ನಾವಿಬ್ಬರು ಪಕ್ಕದಲ್ಲೇ ಹೊಸ ಮನೆ ಕಟ್ಟಿಕೊಂಡಿದ್ದೇವೆ. ಬೆಂಗಳೂರಲ್ಲಿರುವ ಮಗ ಹಳೆ ಮನೆಯನ್ನು ದಿನಬಾಡಿಗೆಯ ಜಾಲತಾಣವಾದ ಏರ್‌ಬಿಎನ್‌ಬಿಯಲ್ಲಿ ಹಾಕಿ ಮೂರು ತಿಂಗಳಾಯಿತು. ಹಿಂದಿನ ತಿಂಗಳು ಎರಡು ಮಕ್ಕಳಿರುವ ಒಂದು ಸಂಸಾರ ಬಂದಿತ್ತು. ಹೋದ ಮೇಲೆ ನೋಡಿದರೆ ಚಾವಡಿಯ ಗೋಡೆ ತುಂಬ ಸ್ಕೆಚ್ ಪೆನ್ನಿನ ಗೀಟು, ಹಾಸಿಗೆ ಒದ್ದೆ, ಅತ್ತೆಯ ಕಾಲದ ಒಂದು ಭರಣಿ ಚೂರು. ಇನ್ನು ಮಕ್ಕಳಿದ್ದವರನ್ನು ಸೇರಿಸುವುದೇ ಬೇಡ ಎನ್ನುತ್ತಾಳೆ ನಾದಿನಿ. ಹಾಗೆ ಮಾಡಿದರೆ ಏಪ್ರಿಲ್‌ನಲ್ಲಿ ಯಾರೂ ಬರುವುದಿಲ್ಲ ಎನ್ನುತ್ತಾನೆ ಮಗ. ನಮ್ಮವರಿಗೆ ಕೆರೆಯದೇ ಹೆದರಿಕೆ. ಬೇಡ ಎನ್ನಲು ಕಾನೂನಿನಲ್ಲಿ ಅವಕಾಶ ಉಂಟೆ? ಆ ಭರಣಿಗೆ ಹಣ ಕೇಳಬಹುದೆ? ಚಾವಡಿಯ ಉಯ್ಯಾಲೆಯನ್ನೂ ಬಿಚ್ಚಿಡಬೇಕೆ? ತಿಳಿಸಿ.

ಉತ್ತರ: ಅಕ್ಕಾ, ನಿಮ್ಮ ಮನೆಯಲ್ಲಿ ಮೂವರು ಮೂರು ಮಾತು ಹೇಳುತ್ತಿದ್ದಾರೆ. ಅದರಲ್ಲಿ ನಾನು ಮೊದಲು ಕಿವಿಗೊಡುವುದು ನಿಮ್ಮ ಯಜಮಾನರ ಮಾತಿಗೆ. ಭರಣಿ, ಗೋಡೆ, ಹಾಸಿಗೆ ಎಲ್ಲ ಹಣದಲ್ಲಿ ಮುಗಿಯುವ ಲೆಕ್ಕ. ಕೆರೆ ಹಾಗಲ್ಲ. ಹಾಗಾಗಿ ನನ್ನ ಉತ್ತರ ಇಷ್ಟು: ಮಕ್ಕಳನ್ನು ಸೇರಿಸಿ, ಆದರೆ ಕೆರೆಗೆ ಬೇಲಿಯೂ ಬಾವಿಗೆ ಗ್ರಿಲ್ಲೂ ಬೀಳುವ ತನಕ ಹತ್ತು ವರ್ಷಕ್ಕಿಂತ ಸಣ್ಣವರಿರುವ ಒಂದು ಬುಕ್ಕಿಂಗನ್ನೂ ತೆಗೆದುಕೊಳ್ಳಬೇಡಿ. ಎಷ್ಟು ಪರಿಚಯದವರಾದರೂ ಸರಿ.

ಇಷ್ಟು ಖಡಕ್ಕಾಗಿ ಹೇಳುವುದಕ್ಕೆ ಕಾರಣ ಉಂಟು. ಕುಂಬಳೆಯ ಕಡೆ ನಾನು ಇಂಥದೇ ಮನೆಯೊಂದನ್ನು ಹನ್ನೊಂದು ವರ್ಷದಿಂದ ದಿನಬಾಡಿಗೆಗೆ ಕೊಡುತ್ತಿದ್ದೇನೆ. ಎರಡನೆಯ ವರ್ಷದ ಮಾತು. ನವೆಂಬರ್, ಸಂಜೆ ಹೊತ್ತು. ಮೈಸೂರಿನ ಒಂದು ಸಂಸಾರ, ಅಜ್ಜ ಅಜ್ಜಿ ಸೇರಿ ಐದು ಮಂದಿ, ಜೊತೆಗೆ ಮೂರೂವರೆ ವರ್ಷದ ಹುಡುಗಿ. ತಾಯಿ ಸ್ನಾನಕ್ಕೆ ಹೋಗಿದ್ದರು, ತಂದೆ ಜಗಲಿಯಲ್ಲಿ ಕೂತು ಫೋನಿನಲ್ಲಿದ್ದರು. ಮಗು ಅಜ್ಜಿಯ ಹತ್ತಿರ ಇದೆ ಎಂದು ಅವರು, ಅಪ್ಪನ ಹತ್ತಿರ ಇದೆ ಎಂದು ಅಜ್ಜಿ. ನಾನು ಚಹಾದ ಹರಿವಾಣ ಹಿಡಿದು ಬರುತ್ತಿದ್ದೆ. ಕೆರೆಯ ಮೇಲಿನ ಮೆಟ್ಟಿಲಲ್ಲಿ ಎರಡು ಪುಟ್ಟ ಚಪ್ಪಲಿ ಕಂಡವು. ದೇವಸ್ಥಾನದ ಹೊರಗೆ ಬಿಟ್ಟ ಹಾಗೆ ಜೋಡಿಸಿ ಇಟ್ಟಿದ್ದಳು. ಅವಳು ಎರಡು ಮೆಟ್ಟಿಲು ಕೆಳಗೆ ಕುಕ್ಕರಗಾಲಲ್ಲಿ ಕೂತು ಕೇಪುಳ ಹೂವನ್ನು ಒಂದೊಂದಾಗಿ ನೀರಿಗೆ ಬಿಡುತ್ತಿದ್ದಳು. ಕರೆದರೆ ಬೆಚ್ಚಿ ತಿರುಗಿ ಜಾರುತ್ತಾಳೆಂದು ಕರೆಯಲಿಲ್ಲ. ಹರಿವಾಣ ನೆಲಕ್ಕಿಟ್ಟು, ಸದ್ದಿಲ್ಲದೆ ಇಳಿದು, ಹಿಂದಿನಿಂದ ಕಂಕುಳಿಗೆ ಕೈಹಾಕಿ ಎತ್ತಿಕೊಂಡೆ. ಆಮೇಲೆ ಎಲ್ಲರೂ ಕೂತು ಲೆಕ್ಕ ಹಾಕಿದೆವು. ತಂದೆ ಅವಳನ್ನು ಕೊನೆಯದಾಗಿ ನೋಡಿ ನಾಲ್ಕು ನಿಮಿಷ ಕೂಡ ಆಗಿರಲಿಲ್ಲ.

ಆ ತಂದೆತಾಯಿ ಬೇಜವಾಬ್ದಾರಿಯವರಾಗಿರಲಿಲ್ಲ. ಅವರು ಬೆಳೆದದ್ದು ಫ್ಲಾಟಿನಲ್ಲಿ. ಮನೆಯ ಹಿಂದೆ ಹದಿನೈದು ಅಡಿ ಆಳದ ನೀರು ತೆರೆದಿರುತ್ತದೆ ಎಂಬ ಎಚ್ಚರ ಅವರ ಮೈಯಲ್ಲಿ ಇರಲಿಲ್ಲ. ನಮ್ಮ ಮಕ್ಕಳಿಗೆ ನಾವು ಕೆರೆ ಬದಿಗೆ ಹೋಗಬೇಡ ಎಂದು ನಡೆಯಲು ಕಲಿಯುವ ಮೊದಲೇ ಹೇಳಿರುತ್ತೇವೆ. ಎರಡು ದಿನಕ್ಕೆ ಬಂದ ಮಗುವಿಗೆ ಯಾರು ಹೇಳುತ್ತಾರೆ? ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತಿರಬೇಕು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಪರದಾಡುವಾಗ ಕೂಗಲು ಉಸಿರು ಎಲ್ಲಿಂದ ಬರಬೇಕು? ಸದ್ದೇ ಇಲ್ಲದೆ, ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ನಾವು ಪಕ್ಕದ ಮನೆಯಲ್ಲೇ ಇದ್ದೇವಲ್ಲ, ಕೇಳಿಸುತ್ತದೆ ಎಂದು ನಂಬಿ ಕೂರಬೇಡಿ.

ಮರುದಿನವೇ ವೆಲ್ಡಿಂಗಿನವರನ್ನು ಕರೆಸಿದೆ. ಕೆರೆಯ ಸುತ್ತ ನಾಲ್ಕಡಿ ಎತ್ತರಕ್ಕೆ ಜಿಐ ಪೈಪು ನೆಟ್ಟು ಬಲೆ ಹೊಡೆಸಿದೆ. ಆಗ ನನಗೆ 28 ಸಾವಿರ ಬಿತ್ತು. ನಿಮ್ಮ ಕೆರೆಯ ಅಳತೆ ನೋಡಿ ವ್ಯತ್ಯಾಸವಾದೀತು. ಮಾಡಿಸುವಾಗ ಕೆಲವು ವಿಷಯ ಗಮನಿಸಿ. ಅಡ್ಡಪಟ್ಟಿಗಳನ್ನು ಒಳಮುಖವಾಗಿ, ನೀರಿನ ಕಡೆಗೆ ಹಾಕಿಸಿ. ಹೊರಗೆ ಹಾಕಿದರೆ ಮಕ್ಕಳಿಗೆ ಏಣಿ ಮಾಡಿಕೊಟ್ಟಂತೆ. ಗೇಟು ಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಳ್ಳುವಂತೆ ಸ್ಪ್ರಿಂಗ್ ಇರಲಿ, ಅದು ಹೊರಗಡೆಗೆ ತೆರೆಯಲಿ, ಚಿಲಕ ದೊಡ್ಡವರ ಎದೆಮಟ್ಟದಲ್ಲಿರಲಿ. ಕೆರೆಯ ಅಂದ ಕೆಡುತ್ತದೆ, ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಮಗ ಹೇಳಿಯಾನು. ಬೇಲಿ ಕಾಣುವ ಫೋಟೋವನ್ನೇ ಹಾಕಿಸಿ. ಸಣ್ಣ ಮಕ್ಕಳ ತಾಯಂದಿರು ಆ ಫೋಟೋ ನೋಡಿಯೇ ಬುಕ್ ಮಾಡುತ್ತಾರೆ. ನನಗೆ ಎಷ್ಟೋ ಮಂದಿ ಹಾಗೆಂದು ಹೇಳಿದ್ದಾರೆ.

ಬಾವಿಗೆ ಕಟ್ಟೆ ಇದ್ದರೆ ಸಾಲದು. ಮೇಲೆ ಕಬ್ಬಿಣದ ಗ್ರಿಲ್ ಹಾಕಿಸಿ, ಕೊಡಪಾನ ಇಳಿಯುವಷ್ಟು ಜಾಗಕ್ಕೆ ಬಾಗಿಲಿಟ್ಟು ಬೀಗ ಹಾಕಿ. ಕಟ್ಟೆಯ ಬುಡದಲ್ಲಿ ಬಟ್ಟೆ ಒಗೆಯುವ ಕಲ್ಲು, ಮಗುಚಿದ ಬಾಲ್ದಿ, ಸ್ಟೂಲು ಇರಬಾರದು. ಏರಿ ಇಣುಕಲು ಅಷ್ಟು ಸಾಕು. ನಿಮ್ಮ ಕಡೆ ಹೆಚ್ಚಿನ ತೋಟಗಳಲ್ಲಿ ಸುರಂಗವೂ ಇರುತ್ತದೆ. ನಿಮ್ಮಲ್ಲಿದ್ದರೆ ಅದರ ಬಾಯಿಗೊಂದು ಗ್ರಿಲ್ ಬಾಗಿಲು ಬೇಕು. ಮುರಕಲ್ಲಿನ ಗುಡ್ಡ ಕೊರೆದು ನೀರು ತರುವ ಈ ಕೆಲಸ ನೋಡಲೆಂದೇ ಬರುವವರಿದ್ದಾರೆ, ಮಕ್ಕಳಿಗಂತೂ ಅದು ಗುಹೆ. ನೀವೋ ಯಜಮಾನರೋ ಟಾರ್ಚು ಹಿಡಿದು ಬಾಯಿಯ ತನಕ ಕರೆದುಕೊಂಡು ಹೋಗಿ ತೋರಿಸಿ. ತಾವಾಗಿ ಹೋಗಲು ಬಿಡಬೇಡಿ. ಸುರಂಗದ ನೀರು ಬಂದು ಬೀಳುವ ಟ್ಯಾಂಕಿಗೂ ಮುಚ್ಚಳ ಇರಲಿ, ಗೋಬರ್ ಗ್ಯಾಸಿನ ಸಗಣಿ ಗುಂಡಿಗೂ. ಬಚ್ಚಲಿನಲ್ಲಿ ಬಾಲ್ದಿ ತುಂಬಿಸಿಡುವ ಅಭ್ಯಾಸ ನಮ್ಮೆಲ್ಲರಿಗೂ ಉಂಟು. ತಲೆ ಭಾರವಿರುವ ಒಂದು ವರ್ಷದ ಮಗು ಅರ್ಧ ಬಾಲ್ದಿ ನೀರಿಗೆ ಮಗುಚಿ ಬಿದ್ದರೆ ತಾನಾಗಿ ಏಳಲಾರದು. ಅತಿಥಿಗಳು ಬರುವ ದಿನ ಎಲ್ಲ ಬಾಲ್ದಿ ಬರಿದಾಗಿರಲಿ.

ಬಚ್ಚಲೆಂದ ಮೇಲೆ ಹಂಡೆಯ ಮಾತು. ಕಟ್ಟಿಗೆ ಒಲೆಯ ಹಂಡೆಯಲ್ಲಿ ಮೀಯುವುದು ಪೇಟೆಯವರಿಗೆ ದೊಡ್ಡ ಸಂಭ್ರಮ, ನಾನೂ ಅದನ್ನು ಲಿಸ್ಟಿಂಗಿನಲ್ಲಿ, ಅಂದರೆ ಜಾಲತಾಣದಲ್ಲಿ ಹಾಕುವ ಮನೆಯ ವಿವರದಲ್ಲಿ, ಬರೆದಿದ್ದೇನೆ. ಆದರೆ ಹಂಡೆಯ ನೀರಿಗೆ ಎಷ್ಟು ಬಿಸಿ ಎಂಬ ಅಳತೆ ಇಲ್ಲ. 60 ಡಿಗ್ರಿಯ ನೀರು ಮಕ್ಕಳ ಎಳೆ ಚರ್ಮವನ್ನು ಆಳಕ್ಕೆ ಸುಡಲು ಕೆಲವೇ ಸೆಕೆಂಡು ಸಾಕು. ಸಣ್ಣ ಮಕ್ಕಳಿದ್ದಾಗ ಹಂಡೆಗೆ ಉರಿ ಹಾಕಬೇಡಿ. ಗೀಸರ್ ಇದ್ದರೆ ಅದರ ತಿರುಪನ್ನು 50ರ ಕೆಳಗೆ ಇಡಿ.

ಇನ್ನು ನಾವು ತೋಟದ ಮನೆಯವರು ಕಂಡೂ ಕಾಣದ ಅಪಾಯವೊಂದಿದೆ, ಕೊಟ್ಟಿಗೆ. ಮಳೆಗಾಲಕ್ಕೆ ಮೊದಲು ಅಡಿಕೆಗೆ ಬೋರ್ಡೋ ಮದ್ದು ಬಿಡಲು ತಂದ ಮೈಲುತುತ್ತು ಎಲ್ಲಿದೆ, ಈಗಲೇ ಹೋಗಿ ನೋಡಿ. ನೀಲಿ ಹರಳು, ಮಗುವಿನ ಕಣ್ಣಿಗೆ ಬಣ್ಣದ ಕಲ್ಲುಸಕ್ಕರೆಯೇ. ರಬ್ಬರ್ ಇದ್ದವರಾದರೆ ಅದರ ಹಾಲು ಹೆಪ್ಪುಗಟ್ಟಿಸುವ ಆಸಿಡ್ ಇರುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಹಳೆ ಶರಬತ್ತಿನ ಬಾಟಲಿಯಲ್ಲಿ ಹಾಕಿ ಕಿಟಕಿಯ ದಂಡೆಯಲ್ಲಿಡುವುದಿಲ್ಲ! ಒಂದು ಗುಟುಕು ಗಂಟಲನ್ನು ಜೀವಮಾನಕ್ಕೆ ಹಾಳು ಮಾಡುತ್ತದೆ. ಇವುಗಳ ಜೊತೆ ಅಡಿಕೆ ಸುಲಿಯುವ ಮೆಟ್ಟುಕತ್ತಿ, ತೆಂಗಿನಕಾಯಿ ಸುಲಿಯುವ ಸಲಾಕೆ, ಹುಲ್ಲು ಕೊಚ್ಚುವ ಯಂತ್ರ, ಎಲ್ಲವೂ ಒಂದೇ ಕೋಣೆಯೊಳಗೆ ಹೋಗಲಿ, ಆ ಕೋಣೆಗೆ ಬೀಗ ಬೀಳಲಿ. ಕರು ಹಾಕಿದ ದನ ಹಟ್ಟಿಯಲ್ಲಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ. ಎಷ್ಟು ಸಾಧುವಾದ ದನವೂ ಆ ದಿನಗಳಲ್ಲಿ ಹಾಯುತ್ತದೆ.

ಮನೆಯೊಳಗೆ ಉಪ್ಪರಿಗೆಯ ಕಟಕಟೆ ನೋಡಿ. ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಇದ್ದರೆ ಸಣ್ಣ ಮಕ್ಕಳ ಮೈ ತೂರುತ್ತದೆ, ತಲೆ ಸಿಕ್ಕಿಬೀಳುತ್ತದೆ. ಹಳೆ ಮನೆಗಳಲ್ಲಿ ಆರು ಏಳು ಇಂಚು ಇರುವುದೇ ಹೆಚ್ಚು. ಒಳಗಿನಿಂದ ನೈಲಾನ್ ಬಲೆ ಬಿಗಿದರೆ ಸದ್ಯಕ್ಕೆ ಆಯಿತು. ಕಡಿದಾದ ಮರದ ಮೆಟ್ಟಿಲ ಬುಡಕ್ಕೊಂದು ಮೋಟು ಬಾಗಿಲು ಮಾಡಿಸಿ, ಆಚಾರಿಗೆ ಅರ್ಧ ದಿನದ ಕೆಲಸ. ಕೆಳಗಿರುವ ಪ್ಲಗ್ಗುಗಳಿಗೆ ಮುಚ್ಚಳ ತನ್ನಿ. ಕಾರಿನ ಕೀಲಿಯಲ್ಲಿ, ಆಟದ ಸಾಮಾನಿನಲ್ಲಿ ಇರುವ ಗುಂಡಿಯಂಥ ಬ್ಯಾಟರಿ ಮನೆಯಲ್ಲಿ ಎಲ್ಲೂ ಬಿದ್ದಿರಬಾರದು. ಅದು ಗಂಟಲಲ್ಲಿ ನಿಂತರೆ ಎರಡು ಗಂಟೆಯೊಳಗೆ ಒಳಗೆಲ್ಲ ಸುಡತೊಡಗುತ್ತದೆ.

ಕಾನೂನಿನ ಪ್ರಶ್ನೆ ಇಷ್ಟು ದೊಡ್ಡದಲ್ಲ. ಮಕ್ಕಳಿದ್ದವರಿಗೆ ಬೇಡ ಎನ್ನುವುದು ಅಪರಾಧ ಎಂದು ಅಂತರ್ಜಾಲದಲ್ಲಿ ಓದಿದರೆ, ಅದನ್ನು ಬರೆದವರು ಬಹುಶಃ ಅಮೆರಿಕದವರು. ಅಲ್ಲಿ ಮನೆ ಬಾಡಿಗೆಯ ಕಾನೂನಿಗೆ 1988ರಲ್ಲಿ ತಿದ್ದುಪಡಿಯಾಗಿ, ಮಕ್ಕಳಿರುವ ಕುಟುಂಬ ಎಂಬ ಕಾರಣಕ್ಕೆ ಭೇದ ಮಾಡಬಾರದು ಎಂದು ಸೇರಿಕೊಂಡಿದೆ. ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಪ್ರವೇಶದ ವಿಷಯದಲ್ಲಿ ಹೇಳುವುದು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳನ್ನು. ಮಗುವಿನ ವಯಸ್ಸು ಅದರಲ್ಲಿ ಬರುವುದಿಲ್ಲ. ಹಾಗೆಂದು ಮಗುವಿನ ನೆಪ ಹೇಳಿ ಜಾತಿಯನ್ನೋ ಧರ್ಮವನ್ನೋ ನೋಡಿ ಬೇಡವೆನ್ನುವವರನ್ನು ನಾನು ನಮ್ಮೂರಲ್ಲೇ ಕಂಡಿದ್ದೇನೆ. ಅದು ತಪ್ಪು, ಮತ್ತು ತುಂಬ ನೋವು ಕೊಡುವ ತಪ್ಪು. ನಿಮ್ಮ ನಿಯಮ ಏನಿದ್ದರೂ ಎಲ್ಲರಿಗೂ ಒಂದೇ ಇರಲಿ.

ಏರ್‌ಬಿಎನ್‌ಬಿಯಲ್ಲಿ ಎರಡು ವರ್ಷದೊಳಗಿನ ಶಿಶುಗಳಿಗೆ ಒಂದು, ಎರಡರಿಂದ ಹನ್ನೆರಡರ ಮಕ್ಕಳಿಗೆ ಒಂದು, ಹೀಗೆ ಬೇರೆ ಬೇರೆಯಾಗಿ ಈ ಜಾಗ ಹೊಂದುವುದಿಲ್ಲ ಎಂದು ಗುರುತು ಹಾಕಲು ಬರುತ್ತದೆ. ಯಾಕೆ ಎಂದು ಕಾರಣವನ್ನೂ ಬರೆಯಬೇಕು. ನಿಮಗೆ ಕಾರಣಕ್ಕೇನು ಕೊರತೆ? ಬೇಲಿ ಇಲ್ಲದ ಕೆರೆ ಇದೆ ಎಂದು ಇದ್ದದ್ದನ್ನೇ ಬರೆಯಿರಿ. ಇನ್ನೊಂದು ಸೂಕ್ಷ್ಮ ಮಗನಿಗೆ ಹೇಳಿ: ಅಲ್ಲಿ ಎರಡು ವರ್ಷದೊಳಗಿನವರು ಅತಿಥಿಗಳ ಸಂಖ್ಯೆಯಲ್ಲಿ ಸೇರುವುದಿಲ್ಲ. ಆರು ಮಂದಿ ಎಂದು ನೀವಿಟ್ಟರೆ ಆರು ಮಂದಿಯ ಜೊತೆ ಎರಡು ಕೈಗೂಸುಗಳೂ ಬರಬಹುದು. ಅದಕ್ಕೇ ಬುಕ್ಕಿಂಗ್ ಬಂದ ಕೂಡಲೇ ಮಕ್ಕಳು ಎಷ್ಟು, ಪ್ರಾಯ ಎಷ್ಟು ಎಂದು ಕೇಳುವ ರೂಢಿ ಇಟ್ಟುಕೊಳ್ಳಿ. ಮತ್ತೊಂದು, ಮಕ್ಕಳಿಗೆ ಏನಾದರೂ ಆದರೆ ನಾವು ಹೊಣೆಯಲ್ಲ ಎಂದು ಸಹಿ ಹಾಕಿಸಿಕೊಳ್ಳುವವರಿದ್ದಾರೆ. ನಮ್ಮ ಅಲಕ್ಷ್ಯದಿಂದ ಆದದ್ದಕ್ಕೆ ಆ ಕಾಗದ ನಮ್ಮನ್ನು ಬಿಡಿಸುವುದಿಲ್ಲ.

ಮಗ ಹೇಳುವ ವ್ಯಾಪಾರದ ಮಾತು ಸರಿಯಾಗಿಯೇ ಇದೆ. ನಮ್ಮ ಜಿಲ್ಲೆಗೆ ಬರುವವರು ಯಾರು? ಮಧೂರು ಗಣಪತಿಗೆ ಹರಕೆ ಸಲ್ಲಿಸಿ ಅಪ್ಪದ ಪ್ರಸಾದ ಕೊಂಡುಹೋಗುವವರು, ಬೇಕಲದ ಕೋಟೆ ನೋಡುವವರು, ಅನಂತಪುರದ ದೇವಸ್ಥಾನದ ಕೆರೆಯ ಬಳಿ ನಿಂತು ಮೊಸಳೆ ಎಲ್ಲಿ ಎಂದು ಹುಡುಕುವವರು. ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಹೋದ ಮೇಲೆ, ಮರುವರ್ಷ ನವೆಂಬರ್‌ನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತಲ್ಲ, ನಮ್ಮಲ್ಲಿ ತಂಗಿದ ಮಕ್ಕಳೆಲ್ಲ ಮೊದಲು ಕೇಳುವುದು ಅದನ್ನೇ. ಇವರೆಲ್ಲ ಬರುವುದು ಮನೆಮಂದಿಯೆಲ್ಲ ಸೇರಿ, ಶಾಲೆಗೆ ರಜೆ ಇದ್ದಾಗ. ಏಪ್ರಿಲ್ ಮೇ ತಿಂಗಳಲ್ಲಿ ಕೇರಳಕ್ಕೂ ಕರ್ನಾಟಕಕ್ಕೂ ಒಟ್ಟಿಗೆ ರಜೆ. ಮಕ್ಕಳು ಬೇಡವೆಂದರೆ ಆ ಎರಡು ತಿಂಗಳು ಬೀಗ ಹಾಕಿಟ್ಟ ಹಾಗೆ. ಸಂಸಾರಸ್ಥರು ಎರಡು ಮೂರು ದಿನ ನಿಲ್ಲುತ್ತಾರೆ, ಊಟ ನಿಮ್ಮಲ್ಲೇ ಕೇಳುತ್ತಾರೆ, ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ. ಈ ಹನ್ನೊಂದು ವರ್ಷದಲ್ಲಿ ನನ್ನ ಮನೆಗೆ ದೊಡ್ಡ ನಷ್ಟವಾದದ್ದು ಮೂರು ಸಲ. ಮೂರೂ ಸಲ ಬಂದಿದ್ದವರು ದೊಡ್ಡವರೇ, ಒಂದು ಸಲ ಸಿಗರೇಟಿನಿಂದ ಹಾಸಿಗೆ ಹೊತ್ತಿತ್ತು.

ನಿಮ್ಮ ಭರಣಿಯ ವಿಷಯ. ಹಣ ಕೇಳಲು ಏರ್‌ಬಿಎನ್‌ಬಿಯಲ್ಲಿ ಅತಿಥಿ ಹೊರಟ ದಿನದಿಂದ 14 ದಿನ ಗಡುವು. ನೀವು ಹಿಂದಿನ ತಿಂಗಳು ಎಂದು ಬರೆದಿದ್ದೀರಿ, ಬಹುಶಃ ದಾಟಿದೆ. ಈಗ ಕೇಳಿದರೆ ಮನಸ್ತಾಪ ಮಾತ್ರ ಉಳಿದೀತು, ಬಿಟ್ಟುಬಿಡಿ. ಮುಂದಕ್ಕೆ ಪ್ರತಿ ಅತಿಥಿ ಬರುವ ಮೊದಲೂ ಹೋದ ಕೂಡಲೂ ಮೊಬೈಲಿನಲ್ಲಿ ಎಲ್ಲ ಕೋಣೆಯ ವಿಡಿಯೋ ತೆಗೆದಿಡಿ, ಮೂರು ನಿಮಿಷದ ಕೆಲಸ. ಆದರೆ ಅಕ್ಕಾ, ಅತ್ತೆಯ ಭರಣಿಗೆ ಎಷ್ಟು ರೂಪಾಯಿ ಎಂದು ಕೇಳುತ್ತೀರಿ? ಅಂಥ ವಸ್ತುಗಳು ಬಾಡಿಗೆ ಮನೆಯಲ್ಲಿ ಇರಬಾರದು. ಭರಣಿ, ಕಾಲುದೀಪ, ಹಳೆ ಫೋಟೋ, ದೇವರ ಕೋಣೆಯ ಸಾಮಾನು ಎಲ್ಲ ಹೊಸ ಮನೆಗೆ ಸಾಗಿಸಿ. ಹಾಸಿಗೆಗಳಿಗೆ ನೀರು ಹೀರದ ಕವರ್ ಹಾಕಿ. ಚಾವಡಿಯ ಗೋಡೆಗೆ ಏನು ಬಳಿದಿದೆ ಎಂದು ನೀವು ಬರೆದಿಲ್ಲ. ಸುಣ್ಣವಾದರೆ ಇನ್ನೆರಡು ಕೈ ಸುಣ್ಣ ಹೊಡೆದರೆ ಮುಗಿಯಿತು. ಡಿಸ್ಟೆಂಪರ್ ಆದರೆ ನೆಲದಿಂದ ನಾಲ್ಕಡಿಯ ತನಕ ತೊಳೆಯಲು ಬರುವ ಪೇಂಟ್ ಮಾಡಿಸಿಬಿಡಿ. ಜೊತೆಗೆ ಒಂದು ಸ್ಲೇಟು, ಬಳಪ, ಒಂದು ರಟ್ಟಿನ ಪೆಟ್ಟಿಗೆ ತುಂಬ ಚೆನ್ನೆಮಣೆ, ಮರದ ಬಸ್ಸು, ಚಿತ್ರದ ಪುಸ್ತಕ ಇಡಿ. ಕೈಗೆ ಕೆಲಸ ಸಿಕ್ಕಿದ ಮಗು ಗೋಡೆಗೆ ಹೋಗುವುದು ಕಡಿಮೆ. ಚೆನ್ನೆಮಣೆಯ ಕಾಯಿಗಳನ್ನು ಮಾತ್ರ ಐದು ವರ್ಷ ದಾಟಿದವರಿದ್ದರೆ ಹೊರತೆಗೆಯಿರಿ, ಸಣ್ಣವರು ಬಾಯಿಗೆ ಹಾಕುತ್ತಾರೆ.

ಪ್ರಾಯದ ಲೆಕ್ಕದಲ್ಲಿ ಹೇಳುವುದಾದರೆ, ಅಂಬೆಗಾಲಿಡದ ಕೂಸಿನಷ್ಟು ಸುಲಭದ ಅತಿಥಿ ಇಲ್ಲ. ಒಂದು ತೊಟ್ಟಿಲು, ಬಿಸಿನೀರು, ಕೇಳಿದರೆ ಒಂದಿಷ್ಟು ರಾಗಿ ಮಣ್ಣಿ. ನಿಜವಾದ ಕಷ್ಟ ಒಂದರಿಂದ ಐದರವರೆಗೆ. ಆರರಿಂದ ಹನ್ನೆರಡರ ಮಕ್ಕಳು ನನಗೆ ತುಂಬ ಇಷ್ಟ. ಅಡಿಕೆ ಹೆಕ್ಕಲು ಕರೆದರೆ ಬೆಳಗ್ಗೆ ತಂದೆತಾಯಿಗಿಂತ ಮೊದಲೇ ಎದ್ದು ಬರುತ್ತಾರೆ. ಆದರೆ ಈಜು ಬರುತ್ತದೆ ಎಂದು ಕೆರೆಗೆ ಹಾರಲು ಹೊರಡುವವರೂ ಇವರೇ. ಕ್ಲೋರಿನ್ ಹಾಕಿದ ತಿಳಿನೀರಿನ ಕೊಳದ ಈಜು ಪಾಚಿ ಕಟ್ಟಿದ ಮೆಟ್ಟಿಲಿನ ಕೆರೆಯಲ್ಲಿ ನಡೆಯುವುದಿಲ್ಲ. ಕೆರೆಗಿಳಿಯುವಂತಿಲ್ಲ ಎಂಬ ನಿಯಮ ದೊಡ್ಡವರಿಗೂ ಸೇರಿಸಿಯೇ ಇರಲಿ. ಮತ್ತು ಒಂದು ಕೋಣೆಯಲ್ಲಿ ಹೊಸ ಜೋಡಿ, ಇನ್ನೊಂದರಲ್ಲಿ ಮೂರು ಮಕ್ಕಳು ಹೀಗೆ ಕೊಡಬೇಡಿ. ಒಂದು ಹೊತ್ತಿಗೆ ಒಂದೇ ತಂಡಕ್ಕೆ ಇಡೀ ಮನೆ ಕೊಡಿ.

ಅತಿಥಿಗಳು ಬಂದ ಕೂಡಲೇ ಹತ್ತು ನಿಮಿಷ ಅವರ ಜೊತೆ ಮನೆ ಸುತ್ತಿ. ಮಕ್ಕಳನ್ನೂ ಕರೆದುಕೊಳ್ಳಿ. ಇದು ಕೆರೆ, ಇದಕ್ಕೆ ಬೀಗ, ಇಲ್ಲಿಗೆ ನನ್ನನ್ನು ಕರೆಯದೆ ಬರುವ ಹಾಗಿಲ್ಲ ಎಂದು ಮಗುವಿನ ಕಣ್ಣು ನೋಡಿ ಹೇಳಿ. ಮಗು ನಿಮ್ಮ ಮಾತು ಕೇಳುತ್ತದೋ ಇಲ್ಲವೋ, ತಂದೆತಾಯಿಯ ಕಿವಿಗೆ ಅದು ಸರಿಯಾಗಿ ಬೀಳುತ್ತದೆ. ಸಂಜೆಯ ಮೇಲೆ ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬಾರದು, ಟಾರ್ಚು ಬೇಕು ಎಂಬುದನ್ನೂ ಆಗಲೇ ಹೇಳಿ. ಹಾವಿನ ಹೆದರಿಕೆ ಹುಟ್ಟಿಸುವುದು ಬೇಡ, ಆದರೆ ಮುಚ್ಚಿಡಲೂ ಬೇಡ. ಬಾಗಿಲ ಹಿಂದೆ ದೊಡ್ಡ ಅಕ್ಷರದಲ್ಲಿ 108, 112, ನಿಮ್ಮ ನಂಬರು, ರಾತ್ರಿ ಕರೆದರೆ ಬರುವ ಜೀಪಿನವರ ನಂಬರು, ಹತ್ತಿರದ ಮಕ್ಕಳ ಡಾಕ್ಟರು ಎಲ್ಲಿ ಎಂಬುದು ಕನ್ನಡ, ಮಲಯಾಳಂ, ಇಂಗ್ಲಿಷಿನಲ್ಲಿ ಇರಲಿ. ಕಾಸರಗೋಡು ಪೇಟೆಯಿಂದಲೇ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಡುರಾತ್ರಿ ಮಗುವಿಗೆ ಜ್ವರ ಏರಿದಾಗ ಊರು ಗೊತ್ತಿಲ್ಲದವರು ಎಲ್ಲಿಗೆ ಓಡಬೇಕು? ಮೊಬೈಲಿಗೆ ಸಿಗ್ನಲ್ ಸಿಗುವ ಜಾಗ ಯಾವುದು ಎಂಬುದನ್ನೂ ಬರೆದಿಡಿ.

ನೀವು ಲಿಸ್ಟಿಂಗಿನಲ್ಲಿ ಈಗ ಬರೆಯಬೇಕಾದ ಮಾತು ಹೀಗಿರಬಹುದು: "ಮನೆಯ ಹಿಂದೆ ಆಳವಾದ ಕೆರೆ ಮತ್ತು ಬಾವಿ ಇವೆ. ಬೇಲಿಯ ಕೆಲಸ ನಡೆಯುತ್ತಿದೆ. ಅದು ಮುಗಿಯುವ ತನಕ ಹತ್ತು ವರ್ಷ ತುಂಬದ ಮಕ್ಕಳಿಗೆ ಈ ಮನೆ ಸುರಕ್ಷಿತವಲ್ಲ. ದಯವಿಟ್ಟು ಮಕ್ಕಳ ಪ್ರಾಯ ತಿಳಿಸಿ." ಕೆಲಸ ಮುಗಿದ ದಿನ ಅದನ್ನು ತೆಗೆದು, ಬೇಲಿ ಇದೆ, ಗೇಟಿಗೆ ಬೀಗ ಇದೆ, ಆದರೂ ಮಕ್ಕಳ ಮೇಲೆ ಕಣ್ಣಿಡುವುದು ತಂದೆತಾಯಿಯ ಕೆಲಸ ಎಂದು ಬರೆಯಿರಿ. ಈಗಲೇ ವೆಲ್ಡಿಂಗಿನವರಿಗೆ ಹೇಳಿದರೆ ಮಾರ್ಚ್ ಕೊನೆಗೆ ಮುಗಿದೀತು, ಏಪ್ರಿಲ್ ರಜೆ ತಪ್ಪುವುದಿಲ್ಲ.

ಕೊನೆಗೆ ಉಯ್ಯಾಲೆ. ಬಿಚ್ಚಬೇಡಿ. ಮಕ್ಕಳು ಮನೆಗೆ ಹೋದ ಮೇಲೂ ನೆನಪಿಟ್ಟುಕೊಳ್ಳುವುದು ಅದನ್ನೇ. ಮೇಲಿನ ಕೊಂಡಿ ಸವೆದಿದೆಯೋ ಎಂದು ಆಚಾರಿಯ ಹತ್ತಿರ ಏಣಿ ಹತ್ತಿಸಿ ನೋಡಿಸಿ. ಎರಡು ಬದಿಯ ಗೋಡೆಗೂ ಕಂಬಕ್ಕೂ ತಾಗದೆ ಆಡುವಷ್ಟು ಜಾಗವಿದೆಯೋ ಅಳೆಯಿರಿ. ಹಲಗೆಯ ಚೂಪು ಮೂಲೆಗಳನ್ನು ಉಜ್ಜಿಸಿ ದುಂಡಗೆ ಮಾಡಿಸಿ, ಕಾವಿ ನೆಲದ ಮೇಲೆ ಅದರ ಕೆಳಗೆ ಒಂದು ದಪ್ಪ ಚಾಪೆ ಹಾಸಿ. ಸರಪಳಿಯ ಕೊಂಡಿಗಳ ಸಂದಿನಲ್ಲಿ ಬೆರಳು ಸಿಕ್ಕುವುದು ಉಂಟು, ಮಕ್ಕಳ ಕೈ ಎಟಕುವ ಎತ್ತರದ ತನಕ ಹಳೆ ಸೈಕಲ್ ಟ್ಯೂಬ್ ಸುತ್ತಿಬಿಡಿ.